ಊರು ಬಿಟ್ಟು ಬರಬಾರದೇ ಎಂದು ಕೇಳಿದವರಿಗೆ

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ಕೆನಡಾದ ಉತ್ತರ ತುದಿಯ ನೂನಾವುಟ್‌ನಲ್ಲಿ ಮನೆಗಳ ದುಸ್ಥಿತಿ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ದಾವಣಗೆರೆ ಬಿಟ್ಟು ಕೆನಡಾದ ಬ್ರಾಂಪ್ಟನ್ನಿಗೆ ಬಂದು ಹದಿನೆಂಟು ವರ್ಷವಾಯಿತು. ಮನೆ ಸಾಲದ ಕಂತು ಕಟ್ಟಲು ನಾವು ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಮರವೂ ಬೆಳೆಯದ ಜಾಗದಲ್ಲಿರುವ ಬೆರಳೆಣಿಕೆಯ ಜನಕ್ಕೆ ನಮ್ಮ ತೆರಿಗೆಯಿಂದ ಮನೆ ಕಟ್ಟಿಕೊಡಬೇಕೇಕೆ? ಕೆಲಸ, ಆಸ್ಪತ್ರೆ ಇರುವ ಕಡೆಗೆ ಅವರೇ ಬರಬಾರದೇ? ಅಲ್ಲಿನ ಸಂಸದೆ ಮನೆ ಮನೆ ಸುತ್ತಿದರು, ಸಂಸತ್ತಿನಲ್ಲಿ ಕೂಗಾಡಿದರು, ಒಂದೇ ಅವಧಿಗೆ ಬಿಟ್ಟುಹೋದರು. ಅದರಿಂದ ಒಂದು ಗೋಡೆಯಾದರೂ ಎದ್ದಿತೇ?"

ಸಂಪಾದಕರ ಉತ್ತರ:

ಮಾನ್ಯರೇ, ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಬರೆದಿದ್ದೀರಿ. ಅದಕ್ಕಾಗಿಯೇ ಈ ತಿಂಗಳು ಬಂದ ಪತ್ರಗಳಲ್ಲಿ ನಿಮ್ಮದನ್ನು ಆರಿಸಿಕೊಂಡೆ. ಕಂತು ಕಟ್ಟುವವರ ಆಯಾಸ ಸಣ್ಣದಲ್ಲ. ಉತ್ತರದಲ್ಲಿ ಒಂದು ಮನೆ ಕಟ್ಟಲು ದಕ್ಷಿಣದ ಹಲವು ಪಟ್ಟು ಖರ್ಚಾಗುತ್ತದೆ ಎಂಬುದೂ ನಿಜ. ಇಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ, ಏಕೆಂದರೆ "ಅವರೇ ಬರಬಾರದೇ" ಎಂಬ ನಿಮ್ಮ ಮಾತು ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಮಾತು.

ಒಂದು ಕಾಲದಲ್ಲಿ ನಾನೂ ಅದನ್ನೇ ಆಡಿದ್ದೆ. 2011ರ ಡಿಸೆಂಬರಿನಲ್ಲಿ ಟೊರಾಂಟೊದ ಬಂಧುಗಳ ಮನೆಯಲ್ಲಿದ್ದೆ. ಜೇಮ್ಸ್ ಕೊಲ್ಲಿಯ ದಡದಲ್ಲಿರುವ ಅಟ್ಟಾವಾಪಿಸ್ಕಾಟ್ ಎಂಬ, ಕ್ರೀ ಮೂಲನಿವಾಸಿ ಜನರ ಊರಿನ ಸುದ್ದಿ ಟೀವಿಯಲ್ಲಿ ಬರುತ್ತಿತ್ತು. ಅಲ್ಲಿನ ಮುಖ್ಯಸ್ಥೆ ಥೆರೆಸಾ ಸ್ಪೆನ್ಸ್ ಅಕ್ಟೋಬರಿನಲ್ಲೇ ವಸತಿಯ ತುರ್ತುಸ್ಥಿತಿ ಸಾರಿದ್ದರು. ನೀರಿನ ಕೊಳಾಯಿಯೂ ಇಲ್ಲದ ಶೆಡ್ಡುಗಳಲ್ಲಿ, ಡೇರೆಗಳಲ್ಲಿ ಮಕ್ಕಳಿದ್ದರು. 2006ರಿಂದ ಆ ಊರಿಗೆ 9 ಕೋಟಿ ಡಾಲರ್ ಕೊಟ್ಟಿದ್ದೇವೆ ಎಂದು ಪ್ರಧಾನಿ ಹಾರ್ಪರ್ ಹೇಳಿದ್ದನ್ನು ಕೇಳಿ, ಊಟಕ್ಕೆ ಕುಳಿತವರೆಲ್ಲ "ಅಷ್ಟೊಂದೇ!" ಎಂದೆವು. ಅಷ್ಟು ಹಣದಲ್ಲಿ ಅವರನ್ನೆಲ್ಲ ಪಟ್ಟಣಕ್ಕೆ ತಂದು ಕೂರಿಸಬಹುದಿತ್ತಲ್ಲ ಎಂದು ಯಾರೋ ಅಂದಾಗ ನಾನೂ ತಲೆಯಾಡಿಸಿದೆ.

ಬಂಧುಗಳ ಮಗಳಿಗೆ ಆಗ ಹದಿನಾರು ವರ್ಷ. ಅವಳು ತಟ್ಟೆ ಪಕ್ಕಕ್ಕೆ ಸರಿಸಿ, ವಿದ್ಯುತ್ ಬಿಲ್ಲು ಬಂದಿದ್ದ ಲಕೋಟೆಯ ಹಿಂಭಾಗದಲ್ಲಿ ಭಾಗಾಕಾರ ಮಾಡಿದಳು. ಊರಲ್ಲಿ ಇದ್ದವರು ಎರಡು ಸಾವಿರದಷ್ಟು ಜನ, ಕಳೆದದ್ದು ಐದು ವರ್ಷಕ್ಕಿಂತ ಹೆಚ್ಚು. ತಲೆಗೆ ವರ್ಷಕ್ಕೆ ಎಂಟೊಂಬತ್ತು ಸಾವಿರ ಡಾಲರ್ ಬಂತು. ಶಾಲೆ, ನೀರು, ಚರಂಡಿ, ಆರೋಗ್ಯ, ಮನೆ ಎಲ್ಲವೂ ಅದರೊಳಗೇ ಆಗಬೇಕು. "ನಮ್ಮ ಶಾಲೆಗೆ, ನಮ್ಮ ರಸ್ತೆಗೆ, ನಮ್ಮ ಆಸ್ಪತ್ರೆಗೆ ಎಷ್ಟು ಖರ್ಚಾಗುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ ದೊಡ್ಡಪ್ಪಾ?" ಎಂದು ಕೇಳಿದಳು. ನಾವು ಯಾರೂ ಹಾಕಿರಲಿಲ್ಲ. ನಗರದಲ್ಲಿ ಆ ಹಣ ಪ್ರಾಂತದಿಂದ, ನಗರಸಭೆಯಿಂದ, ಹತ್ತು ಕೈಗಳಿಂದ ಬರುವುದರಿಂದ ಅದನ್ನು ಒಟ್ಟು ಮಾಡಿ ನಮ್ಮ ಮುಖಕ್ಕೆ ಹಿಡಿಯುವವರಿಲ್ಲ.

ಆ ಊರಿನ ಲೆಕ್ಕಪತ್ರಗಳ ತಪಾಸಣೆ ನಡೆದಾಗ ಬಹುಪಾಲು ಖರ್ಚಿಗೆ ಸರಿಯಾದ ದಾಖಲೆಗಳಿರಲಿಲ್ಲ ಎಂಬುದು ನಿಜ, ಅದನ್ನು ಮುಚ್ಚಿಡಲಾರೆ. ಆದರೆ ಸರ್ಕಾರ ಆ ಊರಿನ ಹಣಕಾಸನ್ನು ಹೊರಗಿನ ಅಧಿಕಾರಿಯೊಬ್ಬನ ಕೈಗೆ ಒಪ್ಪಿಸಿದ್ದು ಸಮಂಜಸವಲ್ಲ ಎಂದು 2012ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಲಯವೇ ಹೇಳಿತು. ಕೂಗಿದ ಮೇಲೆ ಏನಾಯಿತು ಎಂದು ಕೇಳುತ್ತೀರಲ್ಲ, ಆ ಚಳಿಗಾಲದಲ್ಲೇ ಮಂಜುಗಡ್ಡೆಯ ರಸ್ತೆಯ ಮೇಲೆ ಇಪ್ಪತ್ತೆರಡು ಸಿದ್ಧ ಮನೆಗಳು ಆ ಊರಿಗೆ ಬಂದವು. ಅದೇ ಊರಿನ ಶಾಲೆ, ನೆಲದಡಿಯಲ್ಲಿ ಸೋರಿದ ಡೀಸೆಲ್ಲಿನಿಂದಾಗಿ 2000ದಲ್ಲಿ ಮುಚ್ಚಿತ್ತು. ತಾತ್ಕಾಲಿಕ ಕೊಠಡಿಗಳಲ್ಲಿ ಓದುತ್ತ ಬೆಳೆದ ಶಾನೆನ್ ಕೂಸ್ಟಾಚಿನ್ ಎಂಬ ಹುಡುಗಿ 2008ರಲ್ಲಿ ಸಹಪಾಠಿಗಳೊಂದಿಗೆ ರಾಜಧಾನಿ ಒಟ್ಟಾವಾಗೆ ಹೋಗಿ ಶಾಲೆ ಕೇಳಿದಳು. 2010ರಲ್ಲಿ, ಹದಿನೈದನೆಯ ವಯಸ್ಸಿಗೆ, ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಅವಳ ಕನಸಿನ ಹೆಸರಿನಲ್ಲಿ ಸಂಸದ ಚಾರ್ಲಿ ಆಂಗಸ್ ತಂದ ನಿರ್ಣಯವನ್ನು 2012ರಲ್ಲಿ ಸದನ ಸರ್ವಾನುಮತದಿಂದ ಒಪ್ಪಿತು. ಶಾಲೆ ತೆರೆದದ್ದು 2014ರಲ್ಲಿ. ಗೋಡೆ ಎದ್ದಿತು, ಸ್ವಾಮಿ. ಏಳಲು ಒಂದು ಪೀಳಿಗೆಯ ಮಕ್ಕಳ ಬಾಲ್ಯ ಹಿಡಿಯಿತು.

ಇನ್ನು ನೂನಾವುಟ್. 1999ರಲ್ಲಿ ರೂಪುಗೊಂಡ ಈ ಪ್ರದೇಶದೊಳಗೆ ನಮ್ಮಂಥ ಹತ್ತು ಕರ್ನಾಟಕಗಳು ಹಿಡಿಯುತ್ತವೆ. ಜನಸಂಖ್ಯೆ 2021ರಲ್ಲಿ ಮೂವತ್ತೇಳು ಸಾವಿರಕ್ಕೆ ಸ್ವಲ್ಪ ಕಡಿಮೆ, ಅವರಲ್ಲಿ ಬಹುಪಾಲು ಇನ್ಯುಯಿಟ್ ಎಂಬ ಮೂಲನಿವಾಸಿಗಳು, ಸಂಸತ್ತಿನಲ್ಲಿ ಸ್ಥಾನ ಒಂದೇ ಒಂದು. ಇಪ್ಪತ್ತೈದು ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಮನೆ ಕಟ್ಟುವ ಸಾಮಾನು ಬೇಸಿಗೆಯ ಕೆಲವು ತಿಂಗಳು ಬರುವ ಹಡಗಿನಲ್ಲೇ ಬರಬೇಕು. ಹಡಗು ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಸಾರ್ವಜನಿಕ ವಸತಿಯಲ್ಲಿ, ಅಂದರೆ ಸರ್ಕಾರಿ ಬಾಡಿಗೆ ಮನೆಗಳಲ್ಲಿ, ಮತ್ತು 1993ರಲ್ಲಿ ಒಟ್ಟಾವಾದ ಸರ್ಕಾರ ಹೊಸ ಸಾರ್ವಜನಿಕ ವಸತಿಗೆ ಹಣ ಕೊಡುವುದನ್ನು ನಿಲ್ಲಿಸಿದ ಪೆಟ್ಟಿನಿಂದ ಅವರು ಇನ್ನೂ ಚೇತರಿಸಿಕೊಂಡಿಲ್ಲ.

ಅಂಥ ಒಂದು ಮನೆಯೊಳಗೆ ಮನಸ್ಸಿನಲ್ಲೇ ಕಾಲಿಟ್ಟು ನೋಡಿ. ಹೊರಗೆ ಮೈನಸ್ ನಲವತ್ತು ಡಿಗ್ರಿ, ಒಳಗೆ ನಾಲ್ಕು ಜನರಿಗೆಂದು ಕಟ್ಟಿದ ಮನೆಯಲ್ಲಿ ಹತ್ತು ಜನ. ಅಷ್ಟು ಜನರ ಉಸಿರು, ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ತೇವ ಎಲ್ಲ ಸೇರಿ ತಣ್ಣನೆಯ ಮೂಲೆಯಲ್ಲಿ ನೀರಾಗಿ ಇಳಿಯುತ್ತದೆ. ಹಗಲು ಗೋಡೆಗೆ ಒರಗಿಸಿಟ್ಟ ಹಾಸಿಗೆಯನ್ನು ಸಂಜೆ ತೆಗೆದರೆ ಹಿಂದೆ ಕಪ್ಪು ಬೂಷ್ಟು. ತಾಯಿ ಬ್ಲೀಚಿನಲ್ಲಿ ಒರೆಸುತ್ತಾಳೆ, ವಾರದೊಳಗೆ ಮತ್ತೆ ಅದೇ ಆಕಾರದಲ್ಲಿ ಬರುತ್ತದೆ. ಗಾಳಿ ಬದಲಿಸುವ ಯಂತ್ರ ಕೆಟ್ಟರೆ ಅದರ ಬಿಡಿಭಾಗ ವಿಮಾನದಲ್ಲಿ ಬರಬೇಕು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ, ಹಿಮಗಾಳಿ ಎದ್ದ ದಿನ ಅದೂ ಇಲ್ಲ. ಮನೆಯಲ್ಲಿ ಒಬ್ಬರಿಗೆ ಕ್ಷಯ ತಗುಲಿದರೆ ದೂರ ಮಲಗಿಸಲು ಜಾಗವೆಲ್ಲಿದೆ?

ನೀವು ಹೆಸರಿಸದ ಆ ಸಂಸದೆ ಮುಮಿಲಾಕ್ ಕಾಕಾಕ್. 2019ರಲ್ಲಿ ಇಪ್ಪತ್ತೈದನೆಯ ವಯಸ್ಸಿಗೆ ಆಯ್ಕೆಯಾಗಿ, ಮರುವರ್ಷ ಊರೂರು ಸುತ್ತಿ ಇಂಥ ಮನೆಗಳ ಒಳಗೆ ಹೋಗಿ ಕುಳಿತು, ಕಂಡದ್ದನ್ನು 2021ರಲ್ಲಿ ವರದಿಯಾಗಿ ದೇಶದ ಮುಂದಿಟ್ಟರು. ಆ ವರ್ಷದ ಜೂನಿನಲ್ಲಿ ಮಾಡಿದ ವಿದಾಯ ಭಾಷಣದಲ್ಲಿ, ಸಂಸತ್ ಭವನದಲ್ಲಿ ಕಾವಲುಗಾರರು ತಮ್ಮ ಬೆನ್ನುಹತ್ತಿ ಬಂದದ್ದನ್ನೂ ಹೇಳಿದರು. ಇದನ್ನು ಕೂಗಾಟ ಎಂದು ಕರೆಯಬೇಡಿ. ರಸ್ತೆಯಿಲ್ಲದ ಊರಿನಿಂದ ರಾಜಧಾನಿಗೆ ಇರುವ ದಾರಿಯೆಂದರೆ ಜನಪ್ರತಿನಿಧಿಯ ಬಾಯಿ. ಗೋಡೆಯ ಬೂಷ್ಟನ್ನು ಸದನದ ನಡುವೆ ತಂದಿಡುವುದೇ ಅವರ ಕೆಲಸ, ಮನೆ ಕಟ್ಟುವುದು ಸರ್ಕಾರದ ಕೆಲಸ. ಎರಡನೆಯದು ಆಗಲಿಲ್ಲವೆಂದು ಮೊದಲನೆಯದನ್ನು ಹಳಿಯುವುದು ನ್ಯಾಯವಲ್ಲ.

"ಅವರೇ ಬರಬಾರದೇ" ಎಂಬುದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. 1953 ಮತ್ತು 1955ರಲ್ಲಿ ಸರ್ಕಾರವೇ ಇನುಕ್‌ಜುವಾಕ್ ಊರಿನ ಇನ್ಯುಯಿಟ್ ಕುಟುಂಬಗಳನ್ನು ಹಡಗಿನಲ್ಲಿ ಸಾಗಿಸಿ, ಬಹುದೂರ ಉತ್ತರದ ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್‌ಗಳಲ್ಲಿ ಇಳಿಸಿತು. ಅದಕ್ಕೆ ಕ್ಷಮೆ ಕೇಳಿದ್ದು 2010ರಲ್ಲಿ. 1956ರ ಸುಮಾರಿಗೆ ಏಳು ಇನ್ಯುಯಿಟರಲ್ಲಿ ಒಬ್ಬರು ದಕ್ಷಿಣದ ಕ್ಷಯ ಆಸ್ಪತ್ರೆಗಳಲ್ಲಿದ್ದರು, ಎಷ್ಟೋ ಜನ ಮನೆಗೆ ಮರಳಲೇ ಇಲ್ಲ. ಬೇಟೆಯ ಹಿಂದೆ ಅಲೆಯುತ್ತಿದ್ದವರನ್ನು ಶಾಲೆಯ ಹೆಸರಿನಲ್ಲಿ, ಭತ್ಯೆಯ ಹೆಸರಿನಲ್ಲಿ ಒಂದೆಡೆ ನೆಲೆಗೊಳಿಸಿ ಕೊಟ್ಟ ಮನೆಗಳು ಎಷ್ಟು ಸಣ್ಣವೆಂದರೆ, ಅವುಗಳಿಗೆ ಬೆಂಕಿಪೊಟ್ಟಣವೆಂದೇ ಹೆಸರು ಬಿತ್ತು. ಇಲ್ಲಿರಿ ಎಂದು ಕೂರಿಸಿದ ಸರ್ಕಾರಕ್ಕೆ, ಅಲ್ಲೇಕೆ ಇದ್ದೀರಿ ಎಂದು ಕೇಳುವ ಹಕ್ಕಿಲ್ಲ. ಆ ಸರ್ಕಾರಕ್ಕೆ ತೆರಿಗೆ ಕಟ್ಟುವ ನಮ್ಮವರೂ ಹಾಗೆ ಕೇಳಬಾರದು ಎಂಬುದು ನನ್ನ ವಿನಂತಿ.

ನನ್ನ ದೊಡ್ಡ ಕೊರಗು ನಿಮ್ಮ ಮೇಲಲ್ಲ, ನಮ್ಮ ಪತ್ರಿಕೆಗಳ ಮೇಲೆ. ಉತ್ತರ ಧ್ರುವದ ಬಣ್ಣದ ಬೆಳಕಿಗೆ, ಬಿಳಿ ಕರಡಿಗೆ ನಾವು ಎಷ್ಟು ಪುಟ ಕೊಟ್ಟಿದ್ದೇವೆ! ಆ ಬೆಳಕಿನ ಕೆಳಗೆ ಸರದಿಯಲ್ಲಿ ಮಲಗುವ ಮಕ್ಕಳಿಗೆ ಕೊಟ್ಟದ್ದು, ನೆನಪಿರುವಂತೆ, ಕಳೆದ ಸಂಚಿಕೆಯ ಆ ಆರು ಪುಟ ಮಾತ್ರ. ನಯಾಗರಾ ನೋಡಿ ಬಂದ ಪ್ರವಾಸ ಕಥನಗಳು ತಿಂಗಳಿಗೆ ಮೂರಾದರೂ ನಮ್ಮ ಮೇಜಿಗೆ ಬರುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರು, ತಾವು ನಿಂತ ನೆಲದ ಮೂಲ ಜನರ ಬಗ್ಗೆ ಬರೆದ ಒಂದು ಲೇಖನಕ್ಕಾಗಿ ನಾನು ವರ್ಷಗಳಿಂದ ಕಾದಿದ್ದೇನೆ. ನೀವಾದರೂ ಆ ಲೇಖನ ಓದಿ, ಸಿಟ್ಟಾಗಿ, ಕಾಗದ ಬರೆದಿರಿ. ಅಷ್ಟರ ಮಟ್ಟಿಗೆ ನೀವು ಉಳಿದವರಿಗಿಂತ ಆ ಮನೆಗಳಿಗೆ ಹತ್ತಿರವಿದ್ದೀರಿ.

ವಸತಿ ಮಾನವ ಹಕ್ಕು ಎಂದು ನಿಮ್ಮ ದೇಶದ ಸಂಸತ್ತು 2019ರಲ್ಲಿ ಕಾಯಿದೆಯನ್ನೇ ಮಾಡಿದೆ. ಬ್ರಾಂಪ್ಟನ್ನಿಗೂ ಸಂಸದರಿದ್ದಾರೆ, ನಿಮ್ಮಂಥ ಮತದಾರರ ಮಾತನ್ನು ಅವರು ಕೇಳಲೇಬೇಕು. ಒಟ್ಟಾವಾದ ಸಂಸತ್ತಿನ ವಿಳಾಸಕ್ಕೆ ಸಂಸದರಿಗೆ ಬರೆಯುವ ಕಾಗದಕ್ಕೆ ಅಂಚೆಚೀಟಿಯೂ ಬೇಕಿಲ್ಲ. ಈ ಕಾಯಿದೆಯ ಮಾತು ನೂನಾವುಟ್‌ನಲ್ಲಿ ಎಷ್ಟರ ಮಟ್ಟಿಗೆ ನಡೆದಿದೆ ಎಂದು ಅವರನ್ನೇ ಕೇಳಿ ಬರೆಯಿರಿ. ಅವರ ಉತ್ತರ ಬಂದರೆ ನಮಗೆ ಕಳಿಸಿಕೊಡಿ, ನಿಮ್ಮ ಕಾಗದದೊಂದಿಗೆ ಅದನ್ನೂ ಅಚ್ಚು ಹಾಕುತ್ತೇವೆ.