ಹರಕೆ ಹೊತ್ತ ಮನೆಯಲ್ಲಿ ದೇವರ ಮೇಲೆ ಸಿಟ್ಟು

ಪ್ರಶ್ನೆ: ನನ್ನ ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ (ಎಎಲ್‌ಎಲ್). ಮೊದಲ ತಿಂಗಳ ಕೀಮೋ ಮುಗಿದಿದೆ, ಈಗ ಕ್ಯಾನ್ಸರ್ ಕಣ ಕಾಣುತ್ತಿಲ್ಲ ಎಂದಿದ್ದಾರೆ. ಅತ್ತೆ ತಿರುಪತಿಗೆ ಅವನ ಮುಡಿ ಕೊಡುವ ಹರಕೆ ಹೊತ್ತಿದ್ದರು. ಅಷ್ಟರಲ್ಲಿ ಕೂದಲೆಲ್ಲ ದಿಂಬಿನ ಮೇಲೆ ಉದುರಿತು. ‘ಸ್ವಾಮಿಗೆ ಕೋಪ ಬಂದಿದೆ, ಕೂಡಲೇ ಹೋಗೋಣ’ ಅನ್ನುತ್ತಾರೆ. ನಾದಿನಿ ‘ಹಿಂದಿನ ಜನ್ಮದ ಕರ್ಮ’ ಅನ್ನುತ್ತಾಳೆ. ನಾನು ದೀಪ ಹಚ್ಚುವುದನ್ನೇ ಬಿಟ್ಟಿದ್ದೇನೆ. ದೇವರು ಒಳ್ಳೆಯವನು ಅಂತ ಹೇಗೆ ನಂಬಲಿ? ನನ್ನ ಸಿಟ್ಟು ಮಗನಿಗೆ ತಟ್ಟುತ್ತದೆಯೇ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ. ತಟ್ಟುವುದಿಲ್ಲ. ಮಗನಿಗೆ ತಟ್ಟಬಹುದಾದವು ಬೇರೆ ಇವೆ, ಆಮೇಲೆ ಹೇಳುತ್ತೇವೆ.

ಮಕ್ಕಳೆಲ್ಲ ಸತ್ತು ಬಿದ್ದ ರಣರಂಗದಲ್ಲಿ ಗಾಂಧಾರಿ ಕೃಷ್ಣನನ್ನು ಕೇಳಿದ್ದೂ ಇದನ್ನೇ: ತಡೆಯುವ ಶಕ್ತಿ ನಿನಗಿತ್ತು, ಯಾಕೆ ತಡೆಯಲಿಲ್ಲ? ಶಾಪವನ್ನೂ ಕೊಟ್ಟಳು. ಅವಳ ತಪ್ಪನ್ನೂ ಎತ್ತಿ ಆಡಿದ ಕೃಷ್ಣ ಶಾಪವನ್ನು ಮಾತ್ರ ತಳ್ಳಿಹಾಕಲಿಲ್ಲ. ದೇವರನ್ನು ಜರೆಯುವ ನಿಂದಾಸ್ತುತಿಗಳು ದಾಸರ ಪದಗಳಲ್ಲೇ ಇವೆ. ಹಾಗಾಗಿ ದೀಪವನ್ನು ಸದ್ಯಕ್ಕೆ ಅತ್ತೆಯೇ ಹಚ್ಚಲಿ. ಮಗ ಮಲಗಿದ ಮೇಲೆ ನೀವು ಐದು ನಿಮಿಷ ದೇವರ ಮನೆಯಲ್ಲಿ ಕೂತು, ಹೊಟ್ಟೆಯಲ್ಲಿರುವುದನ್ನು ಬಾಯಿಬಿಟ್ಟು ಹೇಳಿ. ಬೈಯಬೇಕೆನಿಸಿದರೆ ಬೈಯಿರಿ. ಸ್ತೋತ್ರ ಬೇಡ.

ಇನ್ನು ಕರ್ಮದ ಮಾತು. ದೇವರಿಗೆ ಪಕ್ಷಪಾತವೇ, ದಯೆಯಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರವೇ (2-1-34) ಎತ್ತಿಕೊಂಡು, ಜೀವರ ಕರ್ಮಕ್ಕೆ ತಕ್ಕ ಫಲ ಎಂದು ಸಮಾಧಾನ ಹೇಳುತ್ತದೆ. ದೇವರ ಮೇಲಿನ ಆರೋಪ ಕಳೆಯಲು ಹುಟ್ಟಿದ ಆ ಮಾತನ್ನು ಮಂಚದ ಮೇಲಿರುವ ಮಗುವಿನ ಮೇಲೆ ಆರೋಪ ಹೊರಿಸಲು ಬಳಸುವುದು ಅನ್ಯಾಯ. ಇಂಥ ಕರ್ಮಕ್ಕೆ ಇಂಥ ರೋಗ ಎನ್ನಬೇಕಾದರೆ ಹಿಂದಿನ ಜನ್ಮ ಕಂಡಿರಬೇಕು. ‘ಗಹನಾ ಕರ್ಮಣೋ ಗತಿಃ’, ಕರ್ಮದ ನಡೆ ತಿಳಿಯುವುದು ಕಷ್ಟ, ಎಂದು ಗೀತೆಯೇ (4-17) ಹೇಳಿರುವಾಗ ನಾದಿನಿಗೆ ಅದು ಹೇಗೆ ಕಂಡಿತೋ! ಮಕ್ಕಳ ಈ ಕಾಯಿಲೆಗೆ ಬಹುಪಾಲು ಕಾರಣವೇ ಸಿಗುವುದಿಲ್ಲ. ಮೂಳೆಯ ಮಜ್ಜೆಯ ಒಂದು ಕಣದ ವಂಶವಾಹಿಯಲ್ಲಿ ಎಡವಟ್ಟಾಗಿರುತ್ತದೆ, ಅಷ್ಟೇ. ಬಸಿರಲ್ಲಿ ನೀವು ತಿಂದದ್ದು, ಗ್ರಹಣ ನೋಡಿದ್ದು ಯಾವುದೂ ಕಾರಣವಲ್ಲ. ‘ಅವನಿಗೇ ಯಾಕೆ’ ಎಂಬುದಕ್ಕೆ ವೈದ್ಯರಲ್ಲೂ ಉತ್ತರವಿಲ್ಲ, ಶಾಸ್ತ್ರದಲ್ಲೂ ಇಲ್ಲ. ದೇವರು ಒಳ್ಳೆಯವನೆಂದು ನಂಬಿರುವವರೂ ಆ ಉತ್ತರ ಸಿಗದೆಯೇ ನಂಬಿದ್ದಾರೆ. ನಿಮಗೆ ಈಗ ಆಗುತ್ತಿಲ್ಲವೆಂದರೆ ಅವಸರವೇನಿಲ್ಲ.

ಹರಕೆಗೆ ಬರೋಣ. ಬೇಗ ಬೇಗ ಬೆಳೆಯುವ ಕಣಗಳನ್ನು ಕೀಮೋ ಕೊಲ್ಲುತ್ತದೆ, ಕೂದಲ ಬುಡದವನ್ನೂ ಬಿಡುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ, ಜೋರು ಔಷಧಿಯ ಹಂತ ದಾಟಿದ ಮೇಲೆ ಮತ್ತೆ ಬರುತ್ತದೆ. ಮುಡಿ ಆಗ ಕೊಡಿ. ಅಲ್ಲಿಯವರೆಗೆ ಅತ್ತೆ ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಮುಡುಪಿಡಲಿ. ತಿರುಪತಿಯ ನೂಕುನುಗ್ಗಲಿಗೆ ಮಗುವನ್ನು ಈಗ ಕರೆದೊಯ್ಯುವುದು ಬೇಡವೇ ಬೇಡ. ರಕ್ತದಲ್ಲಿ ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ) 500ಕ್ಕಿಂತ ಇಳಿದಾಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ದೈವಭಕ್ತರ ಮನೆಗಳು ಎಡವುವುದು ಇಲ್ಲೇ. ಹಸಿ ಹಾಲಿನ ಪಂಚಾಮೃತ, ತಂಬಿಗೆಯ ತೀರ್ಥ, ನಾಲ್ಕು ಕೈ ದಾಟಿ ಬಂದ ಹೆಚ್ಚಿದ ಹಣ್ಣು, ನಾಲಿಗೆಗೆ ಸವರುವ ಭಸ್ಮ, ಇವು ಯಾವುವೂ ಅವನ ಬಾಯಿಗೆ ಹೋಗಬಾರದು. ಆಗತಾನೇ ಕುದಿಸಿದ ಪಾಯಸವನ್ನೇ ನೈವೇದ್ಯ ಮಾಡಿ ಕೊಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

‘ಕಣ ಕಾಣುತ್ತಿಲ್ಲ, ದೇವರು ವಾಸಿ ಮಾಡಿದ’ ಎಂದು ಇದೇ ಹಂತದಲ್ಲಿ ಚಿಕಿತ್ಸೆ ಬಿಡುವವರಿದ್ದಾರೆ. ಸೂಕ್ಷ್ಮದರ್ಶಕಕ್ಕೂ ಸಿಗದ ಕಣ ಒಳಗೆ ಉಳಿದಿರುತ್ತವೆ, ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಒಟ್ಟು ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎರಡು ವಾರದಿಂದ ನಿಮಗೇ ನಿದ್ದೆ, ಊಟ ಸೇರುತ್ತಿಲ್ಲವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮಗನಿಗೆ ‘ಜಾಣನಾಗಿದ್ದರೆ ದೇವರು ವಾಸಿ ಮಾಡ್ತಾನೆ’ ಎಂದು ಯಾರೂ ಹೇಳಕೂಡದು. ಸೂಜಿ ಚುಚ್ಚಿದಾಗ ಅತ್ತದ್ದಕ್ಕೇ ತನಗಿನ್ನೂ ವಾಸಿಯಾಗಿಲ್ಲ ಎಂದುಕೊಳ್ಳುವ ವಯಸ್ಸು ಅದು. ‘ನೀನೇನೂ ತಪ್ಪು ಮಾಡಿಲ್ಲ ಪುಟ್ಟಾ’ ಎಂದು ಅವನಿಗೆ ಆಗಾಗ ಹೇಳಿ, ನಾದಿನಿಯ ಕಿವಿಗೂ ಬೀಳುವ ಹಾಗೆ.