ಟಗ್ ಕಾಂಟ್ರಾಕ್ಟ್‌ನಲ್ಲಿ "ನಾವು ಹೊಣೆ ಅಲ್ಲ" ಅಂತಿದ್ರೆ ಸಾಕಾ?

ಅಮೆರಿಕದಲ್ಲಿ ಟಗ್ (ಬೇರೆ ಹಡಗುಗಳನ್ನ ಎಳೆಯೋ ಬೋಟ್) ಎಳೀತಿದ್ದ ಬೇರೆಯವರ ಬಾರ್ಜ್‌ಗೆ (ಸರಕು ಸಾಗಿಸೋ ಚಪ್ಪಟೆ ದೋಣಿ) ಡ್ಯಾಮೇಜ್ ಆದ್ರೆ ಕಾಂಟ್ರಾಕ್ಟ್‌ನಲ್ಲಿರೋ ಆ ಸಾಲು ಟಗ್ ಓನರ್‌ನ ಉಳಿಸುತ್ತಾ ಅಂತ ಕೇಳಿದ್ರಲ್ಲ, ಅದನ್ನೇ ನಂಬ್ಕೊಂಡು ಕೂರ್ಬೇಡಿ, ಟಗ್‌ನವರದೇ ನಿರ್ಲಕ್ಷ್ಯ ಇದ್ರೆ ಅದು ನಡೆಯಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1955ರಲ್ಲೇ ಬಿಸ್ಸೋ ಕೇಸಲ್ಲಿ ಹೇಳಿಬಿಟ್ಟಿದೆ. ನಿಜವಾದ ಅಸ್ತ್ರ 1851ರ ಲಿಮಿಟೇಶನ್ ಕಾಯ್ದೆ, ಅಂದ್ರೆ ಹಡಗಿನ ಓನರ್ ಕೊಡ್ಬೇಕಾದ ಪರಿಹಾರಕ್ಕೆ ಮಿತಿ ಹಾಕೋ ಕಾನೂನು. ಕ್ಲೇಮ್ ಬರಹದಲ್ಲಿ ಕೈ ಸೇರಿದ 6 ತಿಂಗಳೊಳಗೆ ಫೆಡರಲ್ ಕೋರ್ಟಿಗೆ ಹೋಗ್ಬೇಕು, ಗೆದ್ರೆ ಹೊಣೆ ಆ ಟ್ರಿಪ್ ಮುಗಿದಾಗ ಟಗ್‌ಗಿದ್ದ ಬೆಲೆ, ಜೊತೆಗೆ ಬರ್ಬೇಕಿದ್ದ ಬಾಡಿಗೆ, ಅಷ್ಟಕ್ಕೇ ನಿಲ್ಲುತ್ತೆ (ಟಗ್ ಮುಳುಗೇ ಹೋಗಿದ್ರೆ ಆ ಬೆಲೆ ಹೆಚ್ಚುಕಮ್ಮಿ ಸೊನ್ನೆ). ಆದ್ರೆ ಸ್ಟೀರಿಂಗ್ ಕೈ ಕೊಡ್ತಿದೆ ಅಂತ ಓನರ್‌ಗೆ ಮೊದ್ಲೇ ಗೊತ್ತಿದ್ರೆ ಈ ರಕ್ಷಣೆ ಹೋಯ್ತು, ಗೊತ್ತಿರಲಿಲ್ಲ ಅಂತ ತೋರಿಸೋ ಭಾರಾನೂ ಓನರ್ ಮೇಲೇ. ಅದಕ್ಕೇ ರಿಪೇರಿ ರೆಕಾರ್ಡ್, ಜಿಪಿಎಸ್ ಟ್ರ್ಯಾಕ್, ತುಂಡಾದ ಹಗ್ಗ ಇದ್ರೆ ಅದನ್ನೂ ಈಗ್ಲೇ ಎತ್ತಿಡಿ, ಲಾಗ್‌ಬುಕ್ ತಿದ್ದೋಕೆ ಮಾತ್ರ ಹೋಗ್ಬೇಡಿ.