ಅಪ್ಪನ ಮಾತು ದಂಡ ಅಲ್ಲ

ನಮಸ್ಕಾರ.

ಹಲವು ಏಜೆಂಟ್‌ಗಳಿರುವ, ಅಂದರೆ ತಾವೇ ತೀರ್ಮಾನ ಮಾಡುವ ಪ್ರೋಗ್ರಾಂಗಳಿರುವ, ಕಂಪ್ಯೂಟರ್ ವ್ಯವಸ್ಥೆಯಲ್ಲಿ ಯಾರಿಗೆ ಏನು ಗೊತ್ತಿರುತ್ತದೆ ಎಂಬ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಒಳಗೆ ಸರಕಿದೆ, ಕೈಬಿಡಬೇಡಿ.

ಮೊದಲ ಎರಡು ಪುಟ ತೆಗೆದುಹಾಕಿ. ಅರಿಸ್ಟಾಟಲ್‌ನಿಂದ ಶುರು ಮಾಡುವ ಅಗತ್ಯ ಇಲ್ಲ. ಅರಿವನ್ನೇ ತರ್ಕದ ಲೆಕ್ಕಕ್ಕೆ 1962ರಲ್ಲಿ ತಂದ ತರ್ಕಶಾಸ್ತ್ರಜ್ಞ ಹಿಂಟಿಕ್ಕ ಸಾಕು, ಅದೂ ಒಂದೇ ವಾಕ್ಯದಲ್ಲಿ. 'ಬಹುಕರ್ತೃ ಜ್ಞಾನನಿರೂಪಣಾ ವ್ಯವಸ್ಥೆ' 17 ಸಲ ಬಂದಿದೆ, ಎಣಿಸಿದೆ. ಇನ್ನು 'ಕಾಮನ್ ನಾಲೆಡ್ಜ್' ಎಂಬುದನ್ನು ನೀವು 'ಸಾಮಾನ್ಯ ಜ್ಞಾನ' ಮಾಡಿದ್ದೀರಿ. ನಮ್ಮ ಓದುಗರು ಎಫ್‌ಡಿಎ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಂದುಕೊಳ್ಳುತ್ತಾರೆ! ಕಾಮನ್ ನಾಲೆಡ್ಜ್ ಅಂತಲೇ ಬರೆಯಿರಿ, ಅರ್ಥವನ್ನೂ ಹೇಳಿ: ವಿಷಯ ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತು ಅನ್ನುವುದೂ ಎಲ್ಲರಿಗೂ ಗೊತ್ತು, ಹೀಗೆ ಕೊನೆಯಿಲ್ಲದೆ.

ನನ್ನ ನಿಜವಾದ ತಕರಾರು ಕೆಸರು ಮೆತ್ತಿಕೊಂಡ ಮಕ್ಕಳ ಒಗಟಿನದು. ಮೂವರು ಮಕ್ಕಳು, ಇಬ್ಬರ ಹಣೆಯಲ್ಲಿ ಕೆಸರು. ಬೇರೆಯವರ ಹಣೆ ಕಾಣುತ್ತದೆ, ತನ್ನದು ಕಾಣುವುದಿಲ್ಲ. ಅಪ್ಪ ಬಂದು 'ಒಬ್ಬರ ಹಣೆಯಲ್ಲಾದರೂ ಕೆಸರಿದೆ' ಅನ್ನುತ್ತಾನೆ. ಆಮೇಲೆ 'ನನಗೆ ಕೆಸರಾಗಿದೆ ಅಂತ ಖಾತ್ರಿ ಇರುವವರು ಕೈ ಎತ್ತಿ' ಅಂತ ಮತ್ತೆ ಮತ್ತೆ ಕೇಳುತ್ತಾನೆ. ನೀವು ಬರೆದಿರುವುದು: 'ಅಪ್ಪ ಹೇಳಿದ್ದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದು ಬರೀ ಪೀಠಿಕೆ.' ಲೇಖನ ಎಡವಿದ್ದೇ ಇಲ್ಲಿ.

ಕೆಸರಾದವರು ರವಿ, ಗೀತಾ ಅಂದುಕೊಳ್ಳಿ. ಗೀತಾಳ ಹಣೆಯ ಕೆಸರು ರವಿಗೆ ಕಾಣುತ್ತದೆ, ಸರಿ. ಆದರೆ ರವಿಯ ಹಣೆ ಚೊಕ್ಕ ಇದ್ದರೆ ಗೀತಾಳಿಗೆ ಎಲ್ಲೂ ಕೆಸರು ಕಾಣುತ್ತಿಲ್ಲ, ಅಲ್ವಾ? ಅಂದರೆ ವಿಷಯ ರವಿಗೂ ಗೊತ್ತು, ಗೀತಾಳಿಗೂ ಗೊತ್ತು. ಗೀತಾಳಿಗೆ ಗೊತ್ತು ಅನ್ನುವುದು ಮಾತ್ರ ರವಿಗೆ ಗೊತ್ತಿಲ್ಲ. ಅಪ್ಪ ಎಲ್ಲರೆದುರು ಬಾಯಿಬಿಟ್ಟು ಹೇಳಿದ ಮೇಲೆ ಆ ಅನುಮಾನ ಹೋಯಿತು. ಮೊದಲ ಸಲ ಯಾರೂ ಕೈ ಎತ್ತುವುದಿಲ್ಲ. ಆಗ ರವಿ ಯೋಚಿಸುತ್ತಾನೆ: 'ನನ್ನ ಹಣೆ ಚೊಕ್ಕ ಇದ್ದಿದ್ದರೆ ಗೀತಾ ಈಗಲೇ ಎತ್ತಬೇಕಿತ್ತು.' ಅವಳ ಲೆಕ್ಕವೂ ಇದೇ. ಎರಡನೇ ಸಲಕ್ಕೆ ಇಬ್ಬರ ಕೈಯೂ ಮೇಲೆ. ಅಪ್ಪ ಆ ಮಾತು ಆಡದೆ ಸುಮ್ನೆ ಪ್ರಶ್ನೆ ಕೇಳುತ್ತಾ ಹೋಗಿದ್ದರೆ ಸಂಜೆಯಾದರೂ ಯಾರ ಕೈಯೂ ಏಳುತ್ತಿರಲಿಲ್ಲ. ಇದನ್ನು ಬಿಟ್ಟರೆ ಒಗಟಿನಲ್ಲಿ ಇನ್ನೇನಿದೆ?

ಎರಡು ಸೇನೆಗಳ ಕಥೆಯಲ್ಲೂ ಇದೇ ತಪ್ಪು. ಎರಡು ಗುಡ್ಡದ ಮೇಲೆ ಒಂದೇ ಪಕ್ಷದ ಇಬ್ಬರು ಸೇನಾಪತಿಗಳು, ಒಬ್ಬನೇ ನುಗ್ಗಿದರೆ ಸೋಲು, ಕಣಿವೆಯಲ್ಲಿ ಶತ್ರು, ಓಲೆಕಾರ ದಾರಿಯಲ್ಲಿ ಸಿಕ್ಕಿಬೀಳಬಹುದು. ಒಟ್ಟಿಗೆ ದಾಳಿ ಮಾಡಲು 'ನಾಲ್ಕೈದು ಸಲ ತಲುಪಿತು ಅಂತ ಹೇಳಿ ಕಳಿಸಿದರೆ ಸಾಕು' ಅಂದಿದ್ದೀರಿ. ಸಾಲದು. ಕೊನೆಯ ಓಲೆ ಕಳಿಸಿದವನಿಗೆ ಅದು ತಲುಪಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಕಂಪ್ಯೂಟರ್ ವಿಜ್ಞಾನಿಗಳಾದ ಹಾಲ್ಪರ್ನ್ ಮತ್ತು ಮೋಸೆಸ್ 1984ರಲ್ಲಿ ತೋರಿಸಿದ್ದು ಇದನ್ನೇ: ಸಂದೇಶ ಕಳೆದುಹೋಗಬಹುದಾದ ಕಡೆ, ಎಷ್ಟು ಓಲೆ ಓಡಾಡಿದರೂ ದಾಳಿಯ ಬಗ್ಗೆ ಕಾಮನ್ ನಾಲೆಡ್ಜ್ ಹುಟ್ಟುವುದಿಲ್ಲ. ಇವರಿಬ್ಬರ ಹೆಸರು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಐದನೇ ಪುಟದ ತಳದಲ್ಲಿ ಒಂದು ಸಾಲಿದೆ: 'ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಂದರೆ ನೀವು ಓದಿದ್ದು ನನಗೆ ಗೊತ್ತು. ನಾನು ಆ ಟಿಕ್ ನೋಡಿದ್ದು ನಿಮಗೆ ಗೊತ್ತಾ?' ಇಷ್ಟು ಒಳ್ಳೆಯ ಸಾಲನ್ನು ಅಲ್ಲೇಕೆ ಬಚ್ಚಿಟ್ಟಿರಿ? ಲೇಖನ ಅಲ್ಲಿಂದ ಶುರುವಾಗಲಿ.

ಆರು ಪುಟ ಮೂರಕ್ಕೆ ಇಳಿಸಿ, ತಿಂಗಳೊಳಗೆ ಕಳಿಸಿ. ಸಿಕ್ಕಿದ ಕೂಡಲೇ 'ತಲುಪಿತು' ಅಂತ ಒಂದು ಸಲ ಬರೆಯುತ್ತೇನೆ. ಅದಕ್ಕೆ ನೀವು ಉತ್ತರ ಹಾಕುವುದು ಬೇಡ.